ಒಬ್ಬಳಿಗೆ ಮಾತ್ರ ಜಾಗ

ಪ್ರೇರೀ ಬೆಂಡ್ ಜೂನಿಯರ್ ಕಾಲೇಜು, ಕಾನ್ಸಾಸ್
ಫೆಬ್ರವರಿ 12, 1985

ಪ್ರೀತಿಯ ರೆನೇ,

ಹೋದ ಶುಕ್ರವಾರದ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ, ನಿಮ್ಮ ಕ್ಲೆಮನ್ಸ್ ಫೋರ್ಕ್ ಶಾಲೆಯ ಜಿಮ್ಮಿನಲ್ಲಿ, ಪಾಪ್‌ಕಾರ್ನ್ ಯಂತ್ರದ ಪಕ್ಕದ ಬೆಂಚಿನಲ್ಲಿ ಹಸಿರು ಕೋಟು ತೊಟ್ಟು ಕುಳಿತಿದ್ದವಳು ನಾನು. ನೀನು ನನ್ನನ್ನು ನೋಡಿರಲಾರೆ. ಎದುರಾಳಿಯ ಸೊಂಟ ಬಿಟ್ಟು ನೀನು ಬೇರೇನನ್ನೂ ನೋಡುತ್ತಿರಲಿಲ್ಲ. ಹಾಗೆಯೇ ನೋಡಬೇಕು. ಕಣ್ಣು ಮೋಸ ಮಾಡುತ್ತದೆ, ಚೆಂಡೂ ಮೋಸ ಮಾಡುತ್ತದೆ, ಸೊಂಟ ಮಾಡುವುದಿಲ್ಲ. ಬೇರೆ ಊರುಗಳಲ್ಲಿ ನಲವತ್ತು ಪಾಯಿಂಟ್ ಹೊಡೆದು ಬಂದಿದ್ದ ಆ ಎತ್ತರದ ಹುಡುಗಿ ನಿನ್ನೆದುರು ಹೊಡೆದದ್ದು ಹನ್ನೊಂದು.

ನಮ್ಮದು ಎರಡು ವರ್ಷದ ಕಾಲೇಜು. ಇಲ್ಲಿ ಚೆನ್ನಾಗಿ ಆಡಿದವರನ್ನು ದೊಡ್ಡ ವಿಶ್ವವಿದ್ಯಾಲಯಗಳು ಕರೆದುಕೊಳ್ಳುತ್ತವೆ. ಮುಂದಿನ ವರ್ಷಕ್ಕೆ ನನಗೆ ಒಬ್ಬ ಗಾರ್ಡ್ ಬೇಕು. ಫೀಸು, ಕೋಣೆ, ಊಟ ಕಾಲೇಜಿನದು.

ಒಂದು ತೊಡಕಿದೆ. ನಿಮ್ಮ ಅಯೋವಾದಲ್ಲಿ ಹುಡುಗಿಯರದು ಇನ್ನೂ ಆರು ಜನರ ಆಟ. ಮೂವರು ಗಾರ್ಡ್‌ಗಳು ಈ ಅರ್ಧದಲ್ಲಿ ತಡೆಯಬೇಕು, ಮೂವರು ಫಾರ್ವರ್ಡ್‌ಗಳು ಆ ಅರ್ಧದಲ್ಲಿ ಶೂಟ್ ಮಾಡಬೇಕು, ನಡುವಿನ ಗೆರೆಯನ್ನು ಯಾರೂ ದಾಟುವಂತಿಲ್ಲ. ಅಂದರೆ ನಾಲ್ಕು ವರ್ಷ ಆಡಿದರೂ ನೀನು ಪಂದ್ಯದಲ್ಲಿ ಒಮ್ಮೆಯೂ ರಿಂಗಿಗೆ ಚೆಂಡು ಎಸೆದಿಲ್ಲ. ಇಲ್ಲಿ ಐದು ಜನರ ಆಟ, ಎಲ್ಲರೂ ಎಲ್ಲವನ್ನೂ ಮಾಡಬೇಕು. ಶೂಟಿಂಗ್ ನಾನು ಕಲಿಸುತ್ತೇನೆ. ನಿನಗೆ ಗೊತ್ತಿರುವುದನ್ನು ಮಾತ್ರ ಯಾರಿಗೂ ಕಲಿಸಲಾಗುವುದಿಲ್ಲ.

ಮಾರ್ಚ್‌ನಲ್ಲಿ ಬಂದು ನೋಡಿ ಹೋಗು.

ಡಾರ್ಲಿಸ್ ಕ್ವಾಲೆ
ಮಹಿಳಾ ತಂಡದ ಕೋಚ್


ಕ್ಲೆಮನ್ಸ್ ಫೋರ್ಕ್, ಅಯೋವಾ
ಫೆಬ್ರವರಿ 17, 1985

ಕೋಚ್ ಕ್ವಾಲೆ ಅವರಿಗೆ,

ನಿಮ್ಮ ಪತ್ರವನ್ನು ರಸ್ತೆಬದಿಯ ಅಂಚೆಪೆಟ್ಟಿಗೆಯ ಹತ್ತಿರವೇ ನಿಂತು ಓದಿದೆ. ಕೈಗವಸು ಹಾಕಿರಲಿಲ್ಲ. ಮೂರು ಸಲ ಓದುವಷ್ಟರಲ್ಲಿ ಬೆರಳು ಮರಗಟ್ಟಿತ್ತು. ಇದುವರೆಗೆ ನನಗೆ ಬೇರೆ ಯಾರೂ ಹೀಗೆ ಬರೆದಿಲ್ಲ. ಬರೆಯುವುದೆಲ್ಲ ಫಾರ್ವರ್ಡ್‌ಗಳಿಗೇ.

ಶೂಟಿಂಗ್ ವಿಷಯದಲ್ಲಿ ನಿಜ ಹೇಳಿಬಿಡುತ್ತೇನೆ. ಗ್ಯಾರೇಜಿನ ಮುಂದೆ ಅಣ್ಣ ಡೇಲ್ ಜೊತೆ ಎಸೆದದ್ದು ಬಿಟ್ಟರೆ ಬೇರೆಲ್ಲೂ ಎಸೆದಿಲ್ಲ. "ಏ, ರಿಂಗು ಮೇಲಿದೆ ಕಣೆ, ಪಕ್ಕದ್ಮನೆ ಚಿಮಣಿ ಒಳಗಲ್ಲ" ಅನ್ನುತ್ತಾನೆ ಅವನು. ಕಲಿಯುತ್ತೇನೆ. ಹೇಳಿದ್ದನ್ನು ಮಾಡುತ್ತೇನೆ.

ಇನ್ನೊಂದು ವಿಷಯ ಕೇಳಬೇಕು. ಅಪ್ಪ ಲಾರಿ ಓಡಿಸುತ್ತಾರೆ, ವಾರಗಟ್ಟಲೆ ಊರಲ್ಲಿರುವುದಿಲ್ಲ. ಹಾಗಾಗಿ ಪತ್ರವನ್ನು ಅಮ್ಮನಿಗೆ ತೋರಿಸಿದೆ. ಅಮ್ಮ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ, ಆಗಷ್ಟೇ ಬಂದು ಕೂತಿದ್ದಳು. ಕೊನೆಯ ಹೆಸರಿನವರೆಗೆ ಓದಿ, ಮಡಚಿ, ನನ್ನ ಕೈಗೆ ಕೊಟ್ಟು "ಆಲೂಗೆಡ್ಡೆ ಸುಲಿ" ಅಂದಳು.

"ಇವ್ರು ನಿಂಗೆ ಗೊತ್ತಾ ಅಮ್ಮ?"

"ಸಿಪ್ಪೆ ದಪ್ಪ ಬರ್ತಿದೆ. ನೋಡ್ಕೊಂಡ್ ಸುಲಿ."

ನಿಮಗೆ ನಮ್ಮಮ್ಮ ಗೊತ್ತೇ? ಮದುವೆಗೆ ಮುಂಚೆ ಅವಳ ಹೆಸರು ಲವಾನ್ ಸ್ಟೆಂಗರ್.

ನಿಮ್ಮ
ರೆನೇ ಹ್ರುಸ್ಕಾ


ಕ್ಲೆಮನ್ಸ್ ಫೋರ್ಕ್
ಫೆಬ್ರವರಿ 19, 1985

ಕುಮಾರಿ ಕ್ವಾಲೆ ಅವರಿಗೆ,

ನನ್ನ ಮಗಳಿಗೆ ನೀವು ಬರೆದ ಪತ್ರ ನೋಡಿದೆ. ಅವಳಿಗಿನ್ನೂ ಹದಿನೇಳು. ಒಪ್ಪಿಗೆ ಪತ್ರಕ್ಕೆ ನನ್ನ ಸಹಿ ಬೇಕಾಗುತ್ತದೆ, ಅದನ್ನು ನಾನು ಹಾಕುವುದಿಲ್ಲ. ನಿಮಗೆ ಬೇರೆ ಊರುಗಳಲ್ಲಿ ಬೇರೆ ಹುಡುಗಿಯರು ಸಿಗುತ್ತಾರೆ. ದಯವಿಟ್ಟು ಮತ್ತೆ ಬರೆಯಬೇಡಿ.

ಲವಾನ್ ಹ್ರುಸ್ಕಾ


ಪ್ರೇರೀ ಬೆಂಡ್
ಫೆಬ್ರವರಿ 27, 1985

ಲವಾನ್,

ಕುಮಾರಿ ಅಂತಲೂ ನೀವು ಅಂತಲೂ ಬರೆದಿದ್ದೀಯ. ನನಗೆ ಅದು ಸಲ್ಲಬೇಕಾದದ್ದೇ. ನಾನು ಮಾತ್ರ ನಿನ್ನನ್ನು ನೀವು ಅನ್ನಲಾರೆ. ಒಂದೇ ಬೀದಿಯಲ್ಲಿ ಬೆಳೆದು, ನಾಲ್ಕು ವರ್ಷ ಭುಜಕ್ಕೆ ಭುಜ ತಾಗಿಸಿ ಗಾರ್ಡ್ ಆಡಿದವರು ನಾವು.

ಅವಳು ನಿನ್ನ ಮಗಳೆಂದು ತಿಳಿದು ಬಂದವಳಲ್ಲ. ಆಟಗಾರ್ತಿಯರ ಪಟ್ಟಿಯಲ್ಲಿ ಹ್ರುಸ್ಕಾ ಅಂತ ಇತ್ತು. ನಿಮ್ಮ ಕಡೆ ಹ್ರುಸ್ಕಾಗಳಿಗೇನು ಬರವೇ? ಆಟ ಶುರುವಾಗಿ ಅವಳು ಮೊಣಕಾಲು ಮಡಚಿ, ಹಿಂದಿನ ಪಾದವನ್ನು ನೆಲಕ್ಕೆ ಉಜ್ಜಿ ಎಳೆದುಕೊಂಡಳು ನೋಡು, ಆಗ ಗೊತ್ತಾಯಿತು. ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಹಿಮದಲ್ಲಿ ನಿಂತು ಬಂದೆ.

ಹಳೆಯದನ್ನು ಸರಿಮಾಡಲು ಅವಳನ್ನು ಕೇಳುತ್ತಿಲ್ಲ. ಅವಳು ಚೆನ್ನಾಗಿ ಆಡುತ್ತಾಳೆ, ಅದಕ್ಕೆ ಕೇಳುತ್ತಿದ್ದೇನೆ. ನನ್ನ ಮೇಲಿನ ಸಿಟ್ಟಿಗೆ ಅವಳನ್ನು ಅಲ್ಲೇ ಕೂರಿಸಬೇಡ.

ಡಾರ್ಲಿಸ್


ಕ್ಲೆಮನ್ಸ್ ಫೋರ್ಕ್
ಮಾರ್ಚ್ 25, 1985

ಕೋಚ್ ಅವರಿಗೆ,

ಕ್ಷೇಮವಾಗಿ ಮನೆ ಸೇರಿದೆವು. ಒಂಬತ್ತು ಗಂಟೆಯ ದಾರಿಯುದ್ದಕ್ಕೂ ಡೇಲ್ ನಿಮ್ಮ ಕ್ಯಾಂಟೀನಿನ ಹಂದಿಮಾಂಸದ ಸ್ಯಾಂಡ್‌ವಿಚ್ ಬಗ್ಗೆಯೇ ಮಾತಾಡಿದ.

ಅಮ್ಮ ಕಳಿಸುತ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ. ವಾರವೆಲ್ಲ ಗೋಗರೆದ ಮೇಲೆ "ಹೋಗ್ ನೋಡ್ಕೊಂಡ್ ಬಾ. ನೋಡಕ್ಕೇನ್ ಸಹಿ ಬೇಕಾಗಿಲ್ವಲ್ಲ" ಅಂದಳು. ಅಷ್ಟೇ.

ನನ್ನ ಮೊದಲ ಹದಿನಾಲ್ಕು ಶಾಟ್ ರಿಂಗಿಗೆ ತಾಗಲೂ ಇಲ್ಲ ಎಂದು ನನಗೆ ನೆನಪಿದೆ, ನಿಮಗೆ ಇಲ್ಲದಿದ್ದರೆ ಸಾಕು. ನಿಮ್ಮ ತಂಡದ ಶಾರ್ಮೇನ್ "ಏನ್ ಹುಡುಗೀನಪ್ಪಾ, ಗೋಡೆಗೆ ಸುಣ್ಣ ಹೊಡಿಯೋ ಹಾಗೆ ಎಸೀತಾಳೆ!" ಅಂದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವಳೇ ಬಂದು ನನ್ನ ಮೊಣಕೈ ಹಿಡಿದು ಒಳಗೆ ತಿರುಗಿಸಿ ತೋರಿಸಿದಳು. ಹದಿನೈದನೆಯದು ಬಿತ್ತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಎಲ್ಲರ ಜೊತೆ ಓಡಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ಹೊಸ ಬೂಟು ಕಚ್ಚಿತ್ತು, ಅಷ್ಟೇ.

ಏಪ್ರಿಲ್ ಹನ್ನೆರಡರೊಳಗೆ ಸಹಿಯಾದ ಕಾಗದ ಬರದಿದ್ದರೆ ಬೇರೆಯವರಿಗೆ ಜಾಗ ಕೊಡಬೇಕಾಗುತ್ತದೆ ಎಂದಿರಿ. ಅಮ್ಮನಿಗೆ ಹೇಳಿದೆ. ಅವಳು ರೊಟ್ಟಿ ಹಿಟ್ಟು ನಾದುತ್ತಲೇ ಇದ್ದಳು.

ರೆನೇ


ಕ್ಲೆಮನ್ಸ್ ಫೋರ್ಕ್
ಮಾರ್ಚ್ 30, 1985

ಡಾರ್ಲಿಸ್,

ಹೋಗಿ ಬಂದಾಗಿನಿಂದ ಹುಡುಗಿಯ ಬಾಯಲ್ಲಿ ನಿನ್ನದೇ ಮಾತು. ಕೋಚ್ ಹೀಗಂದರು, ಕೋಚ್ ಹಾಗಂದರು. ನಿನ್ನ ಮಾತನ್ನು ಅವಳ ಬಾಯಿಂದ ಕೇಳುವುದಕ್ಕಿಂತ ನಾನೇ ನಿನಗೆ ಬರೆಯುವುದು ವಾಸಿ.

1962ರ ಮಾರ್ಚ್. ನಾವಿಬ್ಬರೂ ರಾಜ್ಯ ಪಂದ್ಯಾವಳಿ ಆಡಿ ಬಂದಿದ್ದೆವು. ದಕ್ಷಿಣದ ಆ ವಾಣಿಜ್ಯ ಕಾಲೇಜಿನ ತಂಡದ ಮ್ಯಾನೇಜರ್ ಟಾಲರ್ ಬಂದ. ಓದು, ಟೈಪಿಂಗ್, ಊರೂರು ತಿರುಗಿ ಆಟ. ನಮ್ಮಂಥ ಹುಡುಗಿಯರಿಗೆ ಆಗ ಇದ್ದದ್ದು ಅದೊಂದೇ ದಾರಿ. ನನ್ನನ್ನು ಕೇಳಿದ. ನಾನು ಹೂಂ ಅಂದೆ. ಅದಾಗಿ ಎರಡು ವಾರಕ್ಕೆ ನನಗೆ ಇನ್ನೊಂದು ಸಂಗತಿ ತಿಳಿಯಿತು. ಅದನ್ನು, ಈಗ ನನ್ನ ಗಂಡನಾಗಿರುವ ಮಿಲೋಗೂ ಮೊದಲು ನಿನಗೆ ಹೇಳಿದೆ. ನಿಮ್ಮ ಮನೆಯ ಹಿಂದಿನ ಮೆಟ್ಟಿಲ ಮೇಲೆ. ನೀನು ನನ್ನ ಕೈ ಹಿಡಿದುಕೊಂಡು "ಯಾರ್ಗೂ ಹೇಳಲ್ಲ ಕಣೆ" ಅಂದೆ.

ನಾನೇ ಟಾಲರ್‌ಗೆ ಹೇಳುವವಳಿದ್ದೆ. ಮಗು ಹುಟ್ಟಿದ ಮೇಲೆ, ಒಂದು ವರ್ಷ ಬಿಟ್ಟು ಬರಬಹುದೇ ಎಂದು ಕೇಳುವವಳಿದ್ದೆ. ಅಷ್ಟರಲ್ಲಿ ಅವನ ಪತ್ರ ಬಂತು. "ನಿಮ್ಮ ಸ್ಥಿತಿಯ ಬಗ್ಗೆ ತಿಳಿದುಬಂದಿರುವುದರಿಂದ." ಅದನ್ನು ಓದಿದವರು ನಮ್ಮಪ್ಪ. ಮುಂದಿನದು ನಾನು ಬರೆಯುವುದಿಲ್ಲ.

ಜೂನ್‌ನಲ್ಲಿ ನೀನು ಬಸ್ಸು ಹತ್ತಿದೆ. ಇಪ್ಪತ್ತಮೂರು ವರ್ಷ ಒಂದು ಸಾಲು ಬರೆಯಲಿಲ್ಲ. ಈಗ ಬರೆದೆ, ಅದೂ ನನ್ನ ಮಗಳಿಗೆ.

ಯಾಕೆ ಹೇಳಿದೆ? ನೆಪ ಬೇಡ.

ಲವಾನ್


ಪ್ರೇರೀ ಬೆಂಡ್
ಏಪ್ರಿಲ್ 4, 1985

ಲವಾನ್,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು, ಇದನ್ನೇ ಕಳಿಸುತ್ತೇನೆ.

ನೀನು ಮೆಟ್ಟಿಲ ಮೇಲೆ ನನಗೆ ಹೇಳಿದ ಮುಂದಿನ ವಾರ ಟಾಲರ್ ನಮ್ಮ ಮನೆಗೂ ಬಂದಿದ್ದ. ಕಾಫಿ ಕುಡಿದು, ಕಾರಿನವರೆಗೆ ನನ್ನನ್ನು ಕರೆದುಕೊಂಡು ಹೋದ. "ನಂಗೆ ಒಬ್ಳೇ ಗಾರ್ಡ್ ಸಾಕಮ್ಮ. ಆ ಸ್ಟೆಂಗರ್ ಹುಡುಗಿ ನಿನಗಿಂತ ಒಂದು ಕೈ ಮೇಲೆ. ಅವ್ಳ ಬಗ್ಗೆ ನಾನು ತಿಳ್ಕೊಳ್ಬೇಕಾದ್ದೇನಾದ್ರೂ ಇದೆಯಾ?" ಅಂದ.

ಇಲ್ಲ ಅನ್ನಬಹುದಿತ್ತು. ಅವನು ಬಾಗಿಲು ತೆಗೆದು ಕಾರಿನೊಳಗೆ ಕೂತಿದ್ದ, ಕೀ ತಿರುಗಿಸುವುದೊಂದು ಬಾಕಿ. ನಾನು ಕಿಟಕಿಗೆ ಬಗ್ಗಿ ಹೇಳಿದೆ.

ನಿನ್ನ ಆರೋಗ್ಯಕ್ಕೆ ಹೆದರಿ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಇದ್ದದ್ದು ಒಂದು ಜಾಗ. ಅದು ನನಗೆ ಬೇಕಿತ್ತು. ಅಷ್ಟೇ ಕಣೆ, ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಕ್ಷಮಿಸು ಎಂದು ಬರೆದರೆ ನೀನು ಉತ್ತರ ಕೊಡಬೇಕಾಗುತ್ತದೆ. ಆ ಭಾರ ನಿನ್ನ ಮೇಲೆ ಹಾಕುವುದಿಲ್ಲ.

ರೆನೇ ಜೊತೆ ಬಂದಿದ್ದ ಹುಡುಗ, ಅದೇ ನಿನ್ನ ಗದ್ದ. ವಯಸ್ಸು ಕೇಳಿದೆ. ಅಕ್ಟೋಬರ್‌ಗೆ ಇಪ್ಪತ್ತಮೂರು ಅಂದ. ಕೇಳಬಾರದಿತ್ತು.

ಡಾರ್ಲಿಸ್


ಕ್ಲೆಮನ್ಸ್ ಫೋರ್ಕ್
ಏಪ್ರಿಲ್ 9, 1985

ಡಾರ್ಲಿಸ್,

ಸಹಿ ಹಾಕಿದ ಕಾಗದ ಇದರೊಳಗಿದೆ. ನಿನಗಾಗಿ ಹಾಕಿಲ್ಲ. ನನ್ನ ಜಾಗವನ್ನು ಬೇರೆಯವರು ತೆಗೆದರು, ಅವಳದನ್ನು ತೆಗೆದವಳು ನಾನಾಗುವುದು ಬೇಡ.

ನೀನು ಬರೆದದ್ದನ್ನು ಓದಿದೆ. ಸದ್ಯಕ್ಕೆ ಇಷ್ಟು ಸಾಕು.

ಲವಾನ್


ಅಡುಗೆಮನೆಯ ಮೇಜಿನ ಮೇಲೆ
ಮೇ 21, 1985

ರೆನೇ,

ನಾನು ಹೊರಡುವಾಗ ನೀನು ಎದ್ದಿರುವುದಿಲ್ಲ, ನೀನು ಬರುವಾಗ ನಾನಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಫ್ರೀಜರಿನ ಬಟಾಣಿ ಪೊಟ್ಟಣಗಳು ಯಾಕೆ ಕರಗಿ ಮತ್ತೆ ಗಟ್ಟಿಯಾಗಿವೆ ಎಂದು ಎರಡು ತಿಂಗಳಿಂದ ನೋಡುತ್ತಿದ್ದೇನೆ. ಊತಕ್ಕೆ ಕಾಲಿನ ಮೇಲೆ ಇಟ್ಟುಕೊಳ್ಳುತ್ತಿದ್ದೀಯ. ನಿನ್ನೆ ಹಿಂಬಾಗಿಲ ಮೆಟ್ಟಿಲಿನಲ್ಲಿ ನಿನ್ನ ಎಡ ಮೊಣಕಾಲು ಕುಸಿದದ್ದನ್ನೂ ನೋಡಿದೆ. ಕಂಬ ಹಿಡಿದು ನಿಂತು, ಯಾರೂ ನೋಡಲಿಲ್ಲ ತಾನೇ ಎಂದು ಸುತ್ತ ಕಣ್ಣಾಡಿಸಿದೆಯಲ್ಲ, ಆಗ ನಾನು ಕಿಟಕಿಯಲ್ಲಿದ್ದೆ.

ಶಾಲಾ ಟೂರ್ನಿಯ ಸೆಕ್ಷನಲ್ ಸುತ್ತಿನ ಪಂದ್ಯದಲ್ಲಿ ಬಿದ್ದೆಯಲ್ಲ, ಅವತ್ತಿನಿಂದಲೇ ಅಲ್ಲವೇ? ಕಾನ್ಸಾಸ್‌ಗೂ ಅದೇ ಕಾಲಲ್ಲಿ ಹೋಗಿ ಬಂದೆ. ಡಾಕ್ಟರರ ಹತ್ತಿರ ಹೋಗೋಣ. ನಿನ್ನ ಕೋಚ್‌ಗೂ ಹೇಳಬೇಕು. ನೀನೇ ಹೇಳು.

ಅಮ್ಮ


ಅದೇ ಮೇಜು
ಮೇ 21

ಅಮ್ಮ,

ಬೇಡ. ನಿನ್ನ ಕಾಲಿಗೆ ಬೀಳುತ್ತೇನೆ, ನನ್ನಾಣೆ, ಬೇಡ. ಡಾಕ್ಟರ್ ನೋಡಿದರೆ ಚೀಟಿಯಲ್ಲಿ ಬರೆಯುತ್ತಾರೆ. ಬರೆದರೆ ಮುಗಿಯಿತು. ಅಲ್ಲಿ ತಪಾಸಣೆ ಇರುವುದು ಆಗಸ್ಟ್‌ನಲ್ಲಿ, ಅಷ್ಟರಲ್ಲಿ ವಾಸಿಯಾಗುತ್ತದೆ. ಆಗದಿದ್ದರೂ ಪಟ್ಟಿ ಬಿಗಿದು ಆಡುತ್ತೇನೆ, ಎಷ್ಟೋ ಜನ ಆಡುತ್ತಾರೆ.

ಅವರ ಹತ್ತಿರ ಇರುವುದು ಒಂದೇ ಜಾಗ ಅಮ್ಮ. ನೀನು ಹೇಳಿದರೆ ನಾನು ಇಲ್ಲೇ, ಈ ಊರಲ್ಲೇ, ನಿನ್ನ ಪಕ್ಕ ನಿಂತು ಟೋಪಿ ಹಾಕಿಕೊಂಡು ಬೀನ್ಸ್ ಬಡಿಸುತ್ತಿರುತ್ತೇನೆ. ಹೇಳಿದರೆ ನಿನ್ನನ್ನು ಯಾವತ್ತೂ ಕ್ಷಮಿಸುವುದಿಲ್ಲ.

ರೆನೇ


ಕ್ಲೆಮನ್ಸ್ ಫೋರ್ಕ್
ಮೇ 24, 1985

ಕೋಚ್ ಅವರಿಗೆ,

ಶಾಲೆಯ ಪದವಿ ಪ್ರದಾನ ಮುಗಿಯಿತು. ನೀವು ಕಳಿಸಿದ ಪಟ್ಟಿಯ ಪ್ರಕಾರ ಅಭ್ಯಾಸ ನಡೆಸಿದ್ದೇನೆ. ದಿನಾ ಇನ್ನೂರು ಶಾಟ್, ಹಗ್ಗ ಜಿಗಿತ, ಬೆಳಿಗ್ಗೆ ಎರಡು ಮೈಲಿ ಓಟ. ಎಲ್ಲ ಚೆನ್ನಾಗಿದೆ. ನಾನು ಯಾವತ್ತೂ ಇಷ್ಟು ಗಟ್ಟಿಯಾಗಿರಲಿಲ್ಲ.

ರೆನೇ


ಕ್ಲೆಮನ್ಸ್ ಫೋರ್ಕ್
ಮೇ 27, 1985

ಡಾರ್ಲಿಸ್,

ಬರುವ ಶನಿವಾರ ಇಲ್ಲಿಗೆ ಬಾ. ಹತ್ತು ಗಂಟೆಗೆ ರೆನೇ ಶಾಲೆಯ ಜಿಮ್ಮಿನಲ್ಲಿರುತ್ತಾಳೆ, ಬೀಗದ ಕೈ ನನ್ನ ಹತ್ತಿರ ಇದೆ. ಅವಳನ್ನು ಅಡ್ಡಡ್ಡ ಓಡಿಸು, ನಾವು ಓಡುತ್ತಿದ್ದೆವಲ್ಲ ಹಾಗೆ. ಎಡಕ್ಕೂ ಓಡಿಸು.

ಯಾಕೆ ಎಂದು ಕೇಳಬೇಡ. ಆ ಟಾಲರ್ ಕಾರಿನ ಕಿಟಕಿಯಲ್ಲಿ ನಿನ್ನನ್ನು ಕೇಳಿದ ಹಾಗೆ ನೀನು ನನ್ನನ್ನು ಕೇಳಿದರೆ ನಾನು ಬಾಯಿ ಬಿಡುವುದಿಲ್ಲ. ಈ ಆರು ದಿನ ಪೆನ್ನು ಹಿಡಿದು ಕೂತಾಗಲೆಲ್ಲ ನೀನೇ ಕಣ್ಣ ಮುಂದೆ ಬಂದೆ. ಹೇಳಿದರೆ ನಾನು ನಿನ್ನ ಹಾಗೆ ಆಗುತ್ತೇನೆ. ಹೇಳದಿದ್ದರೆ ಅವಳು ಮೂವತ್ತಕ್ಕೆ ಕೋಲು ಹಿಡಿಯುತ್ತಾಳೆ.

ನಿನ್ನನ್ನು ಕರೆಸುತ್ತಿರುವುದನ್ನು ಅವಳಿಗೆ ಹೇಳಿದ್ದೇನೆ, ಅಡ್ಡಡ್ಡ ಓಡಿಸು ಎಂದು ಬರೆಯುತ್ತಿರುವುದನ್ನೂ ಹೇಳಿದ್ದೇನೆ. ಬೆನ್ನ ಹಿಂದೆ ಏನೂ ಇಲ್ಲ. ತಟ್ಟೆ ನೂಕಿ ಎದ್ದು ಹೋದಳು. ಆಮೇಲೆ ನನ್ನೊಡನೆ ಮಾತಿಲ್ಲ.

ಲವಾನ್


ಪ್ರೇರೀ ಬೆಂಡ್
ಜೂನ್ 5, 1985

ಲವಾನ್,

ಶನಿವಾರ ನಾವಿಬ್ಬರೂ ಹತ್ತು ಮಾತೂ ಆಡಲಿಲ್ಲ. ಜಿಮ್ಮಿನಲ್ಲಿ ಪ್ರೇಕ್ಷಕರ ಸಾಲಿನ ಮೇಲಿನ ಮೆಟ್ಟಿಲಿನಲ್ಲಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ ನೀನು. ಅಲ್ಲಿಂದ ನಿನಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ, ಅದಕ್ಕೇ ಎಲ್ಲವನ್ನೂ ಬರೆಯುತ್ತೇನೆ.

ಎರಡನೇ ಸಲ ಎಡಕ್ಕೆ ಹೊರಳಿದಾಗ ಮೊಣಕಾಲು ಒಳಕ್ಕೆ ಹೋಯಿತು. ಬೀಳಲಿಲ್ಲ. ಮೂರನೆಯದಕ್ಕೂ ಹೊರಟಳು. ನಾನು ಸೀಟಿ ಊದಿದೆ.

"ಬೂಟು ಜಾರ್ತು ಕೋಚ್. ನೆಲ ನುಣುಪು."

"ಇದು ನಾನು ಆಡಿದ್ ನೆಲ ರೆನೇ. ಜಾರಲ್ಲ."

"ಇನ್ನೊಂದ್ಸಲ ಓಡ್ತೀನಿ. ಒಂದೇ ಒಂದ್ಸಲ."

"ಸಾಕಮ್ಮ."

"ನೀವು ನೋಡ್ಲಿಲ್ಲ ಅಂದ್ಕೊಳ್ಳಿ. ಬೇರೆ ಯಾರೂ ನೋಡಿಲ್ಲ. ನಾನು ಯಾರ ಹತ್ರಾನೂ ಹೇಳಲ್ಲ."

ಅವಳು ಅಳುತ್ತಿರಲಿಲ್ಲ. ನನ್ನ ಸೊಂಟವನ್ನೇ ನೋಡುತ್ತಿದ್ದಳು, ನಾನು ಯಾವ ಕಡೆ ಹೊರಡುತ್ತೇನೆ ಎಂದು. ಕೈ ಚಾಚಿದೆ. ಹಿಡಿಯಲಿಲ್ಲ.

ಈಗ ಕೆಟ್ಟ ಸುದ್ದಿ. ಈ ವರ್ಷದ ಜಾಗವನ್ನು ಓಡಲಾಗದವಳಿಗೆ ಇಟ್ಟುಕೊಳ್ಳಲು ಕಾಲೇಜು ಬಿಡುವುದಿಲ್ಲ. ಸೋಮವಾರ ಒಕ್ಲಹೋಮಾದ ಒಬ್ಬಳಿಗೆ ಫೋನ್ ಮಾಡಿದೆ. ಒಂದೇ ಮನೆಯವರಿಂದ ಎರಡು ಸಲ ಜಾಗ ಕಿತ್ತುಕೊಂಡವಳು ನಾನು.

ಆದರೆ ನಮ್ಮ ಕಾಲೇಜಿಗೆ ಯಾರು ಬೇಕಾದರೂ ಸೇರಬಹುದು. ತಂಡದ ಸ್ಕೋರ್ ಪುಸ್ತಕ ಬರೆಯುವ ಕೆಲಸ ಖಾಲಿಯಿದೆ. ಈ ಬೇಸಿಗೆಯಲ್ಲೇ ಕಾಲಿನ ಶಸ್ತ್ರಚಿಕಿತ್ಸೆಯಾಗಿ, ಡಾಕ್ಟರು ಆಗಬಹುದು ಅಂದರೆ, ಬರುವ ವರ್ಷದ ಜಾಗ ಅವಳದು. ಬಾಯಿಮಾತಲ್ಲ. ಕಾಲೇಜಿನ ಸಹಿ, ನನ್ನ ಸಹಿ ಎರಡೂ ಇರುವ ಕಾಗದ ಇದರೊಳಗಿದೆ. ಡಾಕ್ಟರು ಆಗುವುದಿಲ್ಲ ಅಂದರೆ ಏನು ಎಂದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬರೆಯಲಾರೆ.

ಡಾರ್ಲಿಸ್


ಪ್ರೇರೀ ಬೆಂಡ್
ನವೆಂಬರ್ 20, 1985

ಅಮ್ಮ,

ಆಗಸ್ಟ್‌ನಿಂದ ನಾನು ಕಳಿಸಿದ್ದು ಕಂಬಳಿ ಬೇಕು ಎಂಬ ಒಂದು ಕಾರ್ಡು ಮಾತ್ರ. ನೀನು ಕಳಿಸಿದ ಒಂಬತ್ತು ಪತ್ರಗಳು ಹಾಸಿಗೆಯ ಕೆಳಗಿವೆ. ಓದಿದ್ದೇನೆ. ಉತ್ತರ ಬರೆಯಬಾರದು ಅಂತಲೇ ಬರೆಯಲಿಲ್ಲ.

ನಾನು ಇಲ್ಲಿಗೆ ಯಾಕೆ ಬಂದೆ ಎಂದು ನೀನು ಮೂರನೇ ಪತ್ರದಲ್ಲಿ ಕೇಳಿದ್ದೆ. ಮನೆಯಲ್ಲಿ ದಿನಾ ನಿನ್ನ ಮುಖ ನೋಡಿಕೊಂಡಿರುವುದಕ್ಕಿಂತ ಇದು ವಾಸಿ ಅನ್ನಿಸಿತು, ಅದಕ್ಕೇ ಬಂದೆ. ಈಗ ಹೇಳಿಬಿಟ್ಟೆ.

ಮೊದಲ ತಿಂಗಳು ಕೋಚ್ ನನಗೆ ರಿಂಗಿನ ಎದುರು ಒಂದು ಕಬ್ಬಿಣದ ಕುರ್ಚಿ ಹಾಕಿಕೊಟ್ಟರು. ಕೂತುಕೊಂಡೇ ಶೂಟ್ ಮಾಡಬೇಕು, ಕಾಲಿಗೆ ಕೆಲಸವಿಲ್ಲ, ಎಲ್ಲವೂ ಮಣಿಕಟ್ಟಿನಲ್ಲಿ. ಹುಡುಗಿಯರು ಓಡುತ್ತಿದ್ದರೆ ನಾನು ಅಜ್ಜಿಯ ಹಾಗೆ ಕೂತು ಎಸೆಯುತ್ತಿದ್ದೆ. ಶಾರ್ಮೇನ್ "ಅಜ್ಜಿಗೆ ಒಂದು ಶಾಲು ತಂದ್ಕೊಡ್ರೇ" ಅನ್ನುತ್ತಿದ್ದಳು. ಅಕ್ಟೋಬರ್ ಹೊತ್ತಿಗೆ ಹತ್ತರಲ್ಲಿ ಆರು ಬೀಳತೊಡಗಿತು. ಮೊದಲ ಸಲ ನಿಂತು ಎಸೆದಾಗ ಚೆಂಡು ಬೋರ್ಡಿನ ಮೇಲಿಂದ ಹಾರಿ ಆಚೆ ಬಿತ್ತು. ಈಗ ನಿಂತರೂ ಆರು ಬೀಳುತ್ತದೆ.

ನನ್ನ ಜಾಗದಲ್ಲಿ ಆಡುವ ಒಕ್ಲಹೋಮಾದ ಹುಡುಗಿಯ ಹೆಸರು ಲೀಟಾ. ಚೆನ್ನಾಗಿ ಆಡುತ್ತಾಳೆ, ಒಳ್ಳೆಯವಳೂ ಹೌದು. ಅದೇ ಕಷ್ಟ. ಅವಳ ಪಾಯಿಂಟು, ಫೌಲು ಎಲ್ಲ ನಾನೇ ಪುಸ್ತಕದಲ್ಲಿ ಬರೆಯಬೇಕು. ಒಂದು ದಿನ ಅವಳ ಎರಡು ಪಾಯಿಂಟನ್ನು ಬೇಕಂತಲೇ ಬಿಟ್ಟೆ. ಮಾರನೆಯ ದಿನ ನಾನೇ ಹೋಗಿ ಸೇರಿಸಿದೆ.

ಬೇಸಿಗೆಯಲ್ಲಿ ಶಸ್ತ್ರಚಿಕಿತ್ಸೆಯಾದ ಕಾಲನ್ನು ಹೋದ ವಾರ ನೋಡಿ ಡಾಕ್ಟರು ನೇರವಾಗಿ ಓಡಬಹುದು ಅಂದರು. ಅಡ್ಡಡ್ಡ ಓಡುವುದನ್ನು ಹೊಸ ವರ್ಷದಲ್ಲಿ ನೋಡೋಣ ಅಂತೆ. ಆಗಬಹುದು ಅಂತಲೂ ಹೇಳಲಿಲ್ಲ, ಆಗುವುದಿಲ್ಲ ಅಂತಲೂ ಹೇಳಲಿಲ್ಲ.

1962ರದು ನನಗೆ ಗೊತ್ತಾಯಿತು. ನಾನೇ ಕೇಳಿದೆ. ಪಂದ್ಯ ಮುಗಿಸಿ ಬರುವಾಗ ಮುಂದಿನ ಸೀಟಿನಲ್ಲಿದ್ದೆ. "ನೀವೂ ಅಮ್ಮನೂ ಯಾಕೆ ಹಾಗೆ?" ಅಂದೆ. ಕೋಚ್ ಪೆಟ್ರೋಲ್ ಬಂಕಿನಲ್ಲಿ ವ್ಯಾನ್ ನಿಲ್ಲಿಸಿ, ನನ್ನನ್ನು ಕೆಳಗಿಳಿಸಿ, ನಿಂತುಕೊಂಡು ಎಲ್ಲ ಹೇಳಿದರು. ತಮ್ಮ ಪರವಾಗಿ ಒಂದು ಮಾತೂ ಸೇರಿಸಲಿಲ್ಲ. ಆ ವಾರವೆಲ್ಲ ನಾನು ಅವರ ಜೊತೆ ಮಾತಾಡಲಿಲ್ಲ. ಆಗ ಹೊಳೆಯಿತು, ನಿಮ್ಮಿಬ್ಬರ ಜೊತೆಗೂ ಮಾತು ಬಿಟ್ಟರೆ ನನಗೆ ಉಳಿಯುವವರು ಯಾರು ಅಂತ.

ಡೇಲ್‌ಗೆ ಇದು ಗೊತ್ತಿಲ್ಲ ಅನ್ನಿಸುತ್ತದೆ. ನಾನು ಹೇಳಿಲ್ಲ. ಹೇಳುವುದು, ಬಿಡುವುದು ನಿನ್ನದು.

ಜೂನ್‌ನಲ್ಲಿ ನೀನು ಮಾಡಿದ್ದರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಎಲ್ಲ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅವರು ಬರುವ ಮೊದಲೇ ನೀನು ನನಗೆ ಹೇಳಿದ್ದೆ. ಬೇಕಾಗಿದ್ದರೆ ನಾನು ಶನಿವಾರ ಎಲ್ಲಿಗಾದರೂ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಈಗ ಯೋಚಿಸುತ್ತೇನೆ.

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬುಧವಾರ ಬರುತ್ತಿದ್ದೇನೆ. ಹಿಮ ಬೀಳುವ ಸೂಚನೆ ಇದೆ, ಬಸ್ಸನ್ನು ನಂಬುವಂತಿಲ್ಲ, ಹಾಗಾಗಿ ಕೋಚ್ ತಾವೇ ಕಾರಿನಲ್ಲಿ ಬಿಡುತ್ತಾರಂತೆ. ಸಂಜೆ ನಾಲ್ಕರ ಹೊತ್ತಿಗೆ ತಲುಪುತ್ತೇವೆ. ಅವರು ಒಳಗೆ ಬರುವುದಿಲ್ಲವಂತೆ, ಗೇಟಿನ ಹತ್ತಿರವೇ ನನ್ನನ್ನು ಇಳಿಸಿ ತಿರುಗಿಸಿಕೊಂಡು ಹೋಗುತ್ತಾರಂತೆ. ಒಂಬತ್ತು ಗಂಟೆ ಓಡಿಸಿ ಬಂದು, ಮತ್ತೆ ಒಂಬತ್ತು ಗಂಟೆ.

ನನ್ನ ಹತ್ತಿರ ಎರಡು ಚೀಲ ಇವೆ. ಕಾಲು ಇನ್ನೂ ಬಿಗಿ, ಇಳಿಸಿಕೊಳ್ಳುವುದು ನಿಧಾನ. ಬೇಕಂತಲೇ ಇನ್ನಷ್ಟು ನಿಧಾನ ಮಾಡುತ್ತೇನೆ. ಅಷ್ಟರೊಳಗೆ ನೀನು ಹೊರಗೆ ಬರುವುದಿದ್ದರೆ ಬಾ.

ರೆನೇ